ಸೀಸೆಯೊಳಗೋ ಕಣ್ಣೊಳಗೋ

ಸೋಮವಾರ ಊಟದ ಗಂಟೆ ಹೊಡೆಯುವ ಹೊತ್ತಿಗೆ ಹದ್ದಕ್ಕ ಮೂವತ್ತೆಂಟು ಸೀಸೆಗಳನ್ನು ಕೆಂಪು ಡಬ್ಬಿಗೆ ಹಾಕಿಯಾಗಿತ್ತು. ಬೇರೆ ದಿನಗಳಲ್ಲಾದರೆ ಬೆಳಗಿನಿಂದ ಸಂಜೆಯವರೆಗೆ ಕೂತರೂ ಐದು, ಹೆಚ್ಚೆಂದರೆ ಆರು. ಯಂತ್ರಕ್ಕೇ ಏನೋ ಬಡಿದಿದೆ, ರಬ್ಬರ್ ಬಿರಡೆಗಳು ಉದುರುತ್ತಿವೆ ಎಂದು ಅವಳು ಮೊದಮೊದಲು ಯಂತ್ರವನ್ನೇ ಬೈದಳು. ಬೈಯಲು ಕಾರಣವೂ ಇತ್ತು. ಮೂವತ್ತೆಂಟು ಸೀಸೆಗಳಲ್ಲೂ ಅವಳಿಗೆ ಕಂಡದ್ದು ಒಂದೇ ಥರದ ಕಸ: ಕಪ್ಪಗೆ, ಸಣ್ಣಗೆ, ತುದಿ ಬಾಗಿದ ಒಂದು ಕೊಕ್ಕೆ.

ಅದು ಇಂಜೆಕ್ಷನ್ ತಯಾರಿಸುವ ಕಾರ್ಖಾನೆ. ಔಷಧಿ ತುಂಬಿ, ಬಿರಡೆ ಬಿಗಿದು ಬಂದ ಪುಟ್ಟ ಗಾಜಿನ ಸೀಸೆಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದು ನೋಡುವುದು ಹದ್ದಕ್ಕನ ಕೆಲಸ. ಮಬ್ಬುಗತ್ತಲೆಯ ಕೋಣೆ, ಅದರೊಳಗೆ ಸಾಲಾಗಿ ಆರು ಗೂಡು, ಒಂದೊಂದು ಗೂಡಿನಲ್ಲೂ ತಲೆಯ ಮೇಲೊಂದು ದೀಪ, ಎದುರಿಗೆ ಅರ್ಧ ಬಿಳಿ ಅರ್ಧ ಕಪ್ಪು ಹಲಗೆ. ಸೀಸೆಯ ಕತ್ತು ಹಿಡಿದು ಮೆಲ್ಲಗೆ ಸುತ್ತಿಸಬೇಕು. ಬಿಳಿಯ ಮುಂದೆ ಐದು ಸೆಕೆಂಡು, ಕಪ್ಪಿನ ಮುಂದೆ ಐದು ಸೆಕೆಂಡು. ಗಾಜಿನ ಚೂರು, ಬಟ್ಟೆಯ ಎಳೆ ಕಪ್ಪಿನ ಮುಂದೆ ಹೊಳೆಯುತ್ತವೆ. ಬಿರಡೆಯಿಂದ ಕಳಚಿದ ರಬ್ಬರ್ ಚೂರು ಬಿಳಿಯ ಮುಂದೆ ಮಾತ್ರ ಕಾಣುತ್ತದೆ. ಏನೇ ಕಂಡರೂ ಕೆಂಪು ಡಬ್ಬಿಗೆ. ಕಾಣದಿದ್ದರೆ ಹಸಿರು ಟ್ರೇಗೆ, ಅಲ್ಲಿಂದ ಗೋದಾಮಿಗೆ, ಅಲ್ಲಿಂದ ಯಾರದೋ ರಕ್ತಕ್ಕೆ.

ಈ ಕೆಲಸದಲ್ಲಿ ಅವಳು ಇಪ್ಪತ್ತೆರಡು ವರ್ಷ ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಕೂತಿದ್ದಳು. ಹದ್ದಿನ ಕಣ್ಣಿನವಳು ಎಂದು ಹದ್ದಕ್ಕ. ಹೆಸರಿಟ್ಟವರು ಸ್ವಲ್ಪ ಕೊಂಕಿನಿಂದಲೇ ಇಟ್ಟಿದ್ದರು, ಅವಳು ಬಿರುದೆಂದೇ ಇಟ್ಟುಕೊಂಡಳು. ಅವಳು ಎಸೆದ ಸೀಸೆಗಳನ್ನು ತಿಂಗಳಿಗೊಮ್ಮೆ ಲ್ಯಾಬಿನವರು ಒಡೆದು ಸೋಸಿ ನೋಡಿದರೆ ಕಸ ಇದ್ದೇ ಇರುತ್ತಿತ್ತು. ಒಂದೇ ಒಂದು ಒಳ್ಳೆಯ ಸೀಸೆ ಹಾಳು ಮಾಡಿದವಳಲ್ಲ. ತಿಂಗಳ ಕೊನೆಗೆ ಗೋಡೆಗೆ ಅಂಟಿಸುವ ಪಟ್ಟಿಯಲ್ಲಿ ಮೊದಲ ಹೆಸರು ಅವಳದೇ. ಕೆಲಸ ಬಲ್ಲವರಿಗೆ ಒಂದಿಷ್ಟು ಜಂಬ ಇರಬೇಕಾದ್ದೇ, ಆದರೆ ಇವಳಿಗೆ ಒಂದು ಹಿಡಿ ಹೆಚ್ಚಿಗೇ ಇತ್ತು.

ಊಟಕ್ಕೆ ಮೊದಲು ಕೈ ತೊಳೆಯಲು ಹೋದಳು. ಅಲ್ಲಿಯ ಬಿಳಿ ಟೈಲ್ಸಿನ ಗೋಡೆಯ ಮೇಲೆ ಅದೇ ಕೊಕ್ಕೆ ತೇಲುತ್ತಿತ್ತು. ಅವಳು ಎಡಕ್ಕೆ ನೋಡಿದರೆ ಅದೂ ಎಡಕ್ಕೆ ಜಾರಿತು, ಬಲಕ್ಕೆ ನೋಡಿದರೆ ತಡವಾಗಿ ಎದ್ದು ಬಂದಂತೆ ಬಲಕ್ಕೆ ಬಂತು. ಬಲಗಣ್ಣು ಮುಚ್ಚಿದಳು, ಮಾಯ. ತೆರೆದಳು, ಹಾಜರ್. ನಲ್ಲಿ ಹರಿಯುತ್ತಲೇ ಇತ್ತು. ಮೂವತ್ತೆಂಟು ಒಳ್ಳೆಯ ಸೀಸೆಗಳು ಅವಳ ನೆನಪಿಗೆ ಬಂದವು.

ಕಣ್ಣಿಗೆ ಏನೇ ಆದರೂ ಅದೇ ದಿನ ಸೂಪರ್‌ವೈಸರಿಗೆ ಹೇಳಿ ಗೂಡಿನಿಂದ ಏಳಬೇಕು ಎಂಬುದು ನಿಯಮ. ಆ ನಿಯಮವನ್ನು ಹೊಸಬರಿಗೆ ಓದಿ ಹೇಳುತ್ತಿದ್ದವಳೂ ಇವಳೇ. ಮಧ್ಯಾಹ್ನ ಸೂಪರ್‌ವೈಸರ್ ಬಂದು ಕೆಂಪು ಡಬ್ಬಿ ಇಣುಕಿ, "ಏನಕ್ಕಾ ಇವತ್ತು, ಸುಗ್ಗಿ?" ಎಂದಾಗ ಅವಳು, "ಬಿರಡೆ ಸರಿ ಇಲ್ಲ ಅನ್ಸುತ್ತೆ ಸರ್, ಯಂತ್ರದವರನ್ನ ಕೇಳಿ" ಎಂದುಬಿಟ್ಟಳು. ಅಷ್ಟು ಸಲೀಸಾಗಿ ಸುಳ್ಳು ಬಂದದ್ದು ಅವಳಿಗೇ ಆಶ್ಚರ್ಯ.

ಮನೆಯಲ್ಲಿ ಗಂಡನಿಗೆ ಹೇಳಿದಳು. ಗಂಡ ಸಿಟಿ ಬಸ್ ಓಡಿಸುವವನು, ಯಾವುದಕ್ಕೂ ಬ್ರೇಕ್ ಹಾಕದೆ ನಗುವವನು.

"ಇಷ್ಟೇನಾ? ನನ್ನ ಬಸ್ಸಿನ ಗಾಜಿನ ಮೇಲೆ ದಿನಾ ನೂರು ಹುಳ ಅಂಟಿಕೊಳ್ತವೆ ಕಣೇ. ನಾನು ರಸ್ತೆ ನೋಡ್ತೀನಿ, ಹುಳ ನೋಡ್ತಾ ಕೂರಲ್ಲ."

"ನಿಮ್ಮ ಕೆಲಸ ರಸ್ತೆ ನೋಡೋದು. ನನ್ನ ಕೆಲಸ ಹುಳ ನೋಡೋದು ರೀ!"

ಗಂಡ ನಗುವುದನ್ನು ನಿಲ್ಲಿಸಿದ. ಅವಳು ಅಡಿಗೆಮನೆಗೂ ನಡುಮನೆಗೂ ಓಡಾಡಿದಳು, ಕೂತಳು, ಎದ್ದಳು, ಸುಣ್ಣದ ಗೋಡೆಯನ್ನೇ ನೋಡುತ್ತ ನಿಂತಳು. ಕೊಕ್ಕೆಯನ್ನು ಕಣ್ಣಿನಿಂದಲೇ ಓಡಿಸಿಕೊಂಡು ಹೋಗುವುದು, ಅದು ತಪ್ಪಿಸಿಕೊಳ್ಳುವುದು, ಮತ್ತೆ ಬರುವುದು. ಬಿಟ್ಟರೂ ಬಿಡದ ಈ ಮಾಯೆಯ ಜೊತೆ ಅವಳು ಅರ್ಧ ತಾಸು ಗುದ್ದಾಡಿದಳು. ಇಪ್ಪತ್ತೆರಡು ವರ್ಷ ಕಸವನ್ನು ಕಂಡ ಕೂಡಲೇ ಎತ್ತಿ ಎಸೆದವಳಿಗೆ, ಎಸೆಯಲಾಗದ ಕಸವೊಂದು ಗಂಟುಬಿದ್ದಿತ್ತು.

ಮಾರನೆಯ ದಿನ ಅರ್ಧ ದಿನ ರಜೆ ಹಾಕಿ ಕಣ್ಣಿನ ಡಾಕ್ಟರ ಹತ್ತಿರ ಹೋದಳು. ವಯಸ್ಸಾದ ಹೆಂಗಸು ಆ ಡಾಕ್ಟರು, ಮಾತು ಕಡಿಮೆ. ಕಣ್ಣಿಗೆ ಹನಿ ಹಾಕಿ ಮುಕ್ಕಾಲು ಗಂಟೆ ಕೂರಿಸಿ, ಆಮೇಲೆ ಕಣ್ಣಿಗೆ ಚುಚ್ಚುವಂಥ ಬೆಳಕು ಬಿಟ್ಟು ಮೇಲೆ ನೋಡಿ, ಕೆಳಗೆ ನೋಡಿ, ಪಕ್ಕಕ್ಕೆ ನೋಡಿ ಎಂದು ಎಲ್ಲ ಮೂಲೆ ಹುಡುಕಿದರು. ತನ್ನ ಕೆಲಸವನ್ನು ಬೇರೆಯವರು ಇಷ್ಟು ಚೊಕ್ಕವಾಗಿ ಮಾಡುವುದನ್ನು ಕಂಡು ಹದ್ದಕ್ಕನಿಗೆ ಅವರ ಮೇಲೆ ಗೌರವ ಹುಟ್ಟಿತು.

"ಹೆದರೋಂಥದ್ದು ಏನಿಲ್ಲಮ್ಮ. ಕಣ್ಣೊಳಗೆ ಲೋಳೆ ಥರ ಒಂದು ಜೆಲ್ಲಿ ಇರುತ್ತೆ. ವಯಸ್ಸಾಗ್ತಾ ಅದು ನೀರಾಗಿ, ಹಿಂದಿನ ಪರದೆಯಿಂದ ಬಿಟ್ಕೊಳ್ಳುತ್ತೆ. ಆಗ ಅದರ ಎಳೆಗಳು ತೇಲ್ತವೆ. ನೀವು ನೋಡ್ತಿರೋದು ಆ ಎಳೆಯ ನೆರಳನ್ನ. ಪರದೆ ಹರಿದಿಲ್ಲ, ಅದೇ ಮುಖ್ಯ. ಮಿಂಚು ಹೊಡೆದ ಹಾಗಾದ್ರೆ, ಒಂದೇ ಸಲಕ್ಕೆ ಮಸಿ ಉದುರಿದ ಹಾಗೆ ಚುಕ್ಕೆ ಬಂದ್ರೆ, ಇಲ್ಲ ಪಕ್ಕದಿಂದ ಪರದೆ ಎಳೆದ ಹಾಗೆ ಕತ್ತಲಾದ್ರೆ, ಒಂದು ಗಂಟೆನೂ ಕಾಯದೆ ಬನ್ನಿ."

"ಹೋಗೋಕೆ ಏನು ಮಾಡ್ಬೇಕು ಡಾಕ್ಟ್ರೇ? ಹನಿ, ಮಾತ್ರೆ?"

"ಹನಿಗೆ, ಮಾತ್ರೆಗೆ ಹೋಗಲ್ಲ. ಹೋಗುತ್ತೆ ಅಂತ ಮಾರೋರು ಇದ್ದಾರೆ, ನಂಬಬೇಡಿ. ಲೇಸರ್ ಅಂತ ಒಂದಿದೆ, ಕೆಲವು ಥರದ್ದಕ್ಕೆ ಕೆಲವರಿಗೆ ಉಪಯೋಗ ಆಗುತ್ತೆ. ನಿಮ್ಮದು ಪರದೆಗೆ ತೀರಾ ಹತ್ತಿರ ಇದೆ, ಅಲ್ಲಿ ಸುಡೋಕೆ ಹೋಗಬಾರದು. ಮೂರನೇದು ಆಪರೇಷನ್. ಆ ಜೆಲ್ಲಿಯನ್ನೇ ತೆಗೆದು ಉಪ್ಪುನೀರು ತುಂಬಿಸೋದು. ಕೊಕ್ಕೆ ಹೋಗುತ್ತೆ. ಆದ್ರೆ ನಿಮ್ಮ ವಯಸ್ಸಿಗೆ ಒಂದೆರಡು ವರ್ಷದಲ್ಲಿ ಆ ಕಣ್ಣಿಗೆ ಪೊರೆ ಬರೋದು ಹೆಚ್ಚುಕಡಿಮೆ ಖಾತ್ರಿ. ನೂರರಲ್ಲಿ ಒಬ್ಬಿಬ್ಬರಿಗೆ ಪರದೆನೇ ಕಳಚಬಹುದು. ಸಾವಿರಕ್ಕೆ ಒಬ್ಬರಿಗೋ ಏನೋ ಸೋಂಕಾಗಿ ಕಣ್ಣೇ ಹೋಗಬಹುದು."

"ಏನೂ ಮಾಡದಿದ್ರೆ?"

"ಆರು ತಿಂಗಳಲ್ಲಿ ಮೆದುಳಿಗೆ ಬೇಜಾರಾಗುತ್ತೆ. ನೋಡಿದ್ದನ್ನೇ ಎಷ್ಟು ಅಂತ ನೋಡುತ್ತೆ? ಇದ್ರೂ ಇಲ್ಲದ ಹಾಗಾಗುತ್ತೆ. ನೂರಕ್ಕೆ ತೊಂಬತ್ತು ಜನಕ್ಕೆ ಅದೇ ಔಷಧಿ." ಆಮೇಲೆ ಕೇಳಿದರು, "ನೀವು ಏನು ಕೆಲಸ ಮಾಡೋದು?"

ಡಾಕ್ಟರ ಹತ್ತಿರ, ವಕೀಲರ ಹತ್ತಿರ ಸುಳ್ಳು ಹೇಳಬಾರದು ಎಂಬ ಮಾತು ಹದ್ದಕ್ಕನಿಗೂ ಗೊತ್ತಿತ್ತು. ಆದರೆ ಕಾರ್ಖಾನೆಗೆ ಕಾಗದ ಹೋದರೆ? ಗೂಡಿನಿಂದ ಎಬ್ಬಿಸಿ ಪ್ಯಾಕಿಂಗಿಗೆ ಹಾಕುತ್ತಾರೆ, ಅಲ್ಲಿ ಡಬ್ಬಿಗೆ ಚೀಟಿ ಅಂಟಿಸುತ್ತಾ ಹದ್ದಕ್ಕ ಕೋಳಿಯಕ್ಕ ಆಗುತ್ತಾಳೆ.

"ಮನೇಲೇ ಇರ್ತೀನಿ" ಎಂದಳು.

"ಹಾಗಾದ್ರೆ ನೆಮ್ಮದಿಯಾಗಿರಿ. ನೆಗಡಿ ಅಂತ ಮೂಗು ಕೊಯ್ದುಕೊಳ್ಳೋದು ಬೇಡ."

ನೆಮ್ಮದಿ! ಮನೆಗೆ ಬಂದರೆ ತಂಗಿಯ ಫೋನು. ಭಾವನಿಂದ ಸುದ್ದಿ ತಿಳಿದ ತಂಗಿ ಆಗಲೇ ಊರಿನ ಔಷಧಿಗಳನ್ನೆಲ್ಲ ಒಂದು ಪಟ್ಟಿ ಮಾಡಿದ್ದಳು: ಬೆಳಿಗ್ಗೆ ಕ್ಯಾರೆಟ್ ರಸ, ಮಧ್ಯಾಹ್ನ ಅನಾನಸ್, ಸಂಜೆ ಕಣ್ಣನ್ನು ಎಂಟರ ಆಕಾರದಲ್ಲಿ ತಿರುಗಿಸುವ ವ್ಯಾಯಾಮ. ಹದ್ದಕ್ಕ ಅನಾನಸ್ ತಿಂದಳು, ನಾಲಿಗೆ ಉರಿಯಿತು. ಕಣ್ಣು ತಿರುಗಿಸಿದಳು, ತಲೆ ತಿರುಗಿತು. ಕೊಕ್ಕೆ ಮಾತ್ರ ತನ್ನ ಪಾಡಿಗೆ ತೇಲಿಕೊಂಡಿತ್ತು.

ಶನಿವಾರ ಯಾರಿಗೂ ಹೇಳದೆ ಲೇಸರ್ ಅಂಗಡಿಗೂ ಹೋಗಿ ಬಂದಳು. ಅಂಗಡಿಯೆಂದರೆ ಅಂಗಡಿಯೇ, ಗಾಜಿನ ಬಾಗಿಲು, ಮೆತ್ತನೆ ಕುರ್ಚಿ, ಹತ್ತು ನಿಮಿಷದಲ್ಲಿ ಚುಕ್ಕೆ ಮಾಯ ಎಂಬ ಬೋರ್ಡು. ಅಲ್ಲಿದ್ದವನು ಅವಳ ಕಣ್ಣಿಗೆ ಟಾರ್ಚ್ ಬಿಟ್ಟ ಹಾಗೆ ಮಾಡಿ, "ಆಗುತ್ತೆ ಮೇಡಂ, ನಾಳೆನೇ ಮಾಡೋಣ. ಮೂರು ಸಲ ಬರಬೇಕಾಗ್ಬಹುದು, ಆರು ಸಲನೂ ಆಗ್ಬಹುದು" ಎಂದ.

"ಅದು ಪರದೆಗೆ ಎಷ್ಟು ಹತ್ತಿರ ಇದೆ ಅಂತ ನೋಡಿದ್ರಾ?"

"ಅದೆಲ್ಲ ಮೆಷೀನ್ ನೋಡ್ಕೊಳ್ಳುತ್ತೆ."

ಹದ್ದಕ್ಕ ಚೀಲ ಎತ್ತಿಕೊಂಡಳು. ಐದು ಸೆಕೆಂಡೂ ನೋಡದೆ ಪಾಸ್ ಮಾಡುವವನ ಕೈಗೆ ಸೀಸೆಯನ್ನೇ ಕೊಡಲಾರದವಳು ಕಣ್ಣನ್ನು ಕೊಡುತ್ತಾಳೆಯೇ? ಮೆಟ್ಟಿಲಿಳಿಯುವಾಗ ಅವನನ್ನು ಬೈದುಕೊಂಡಳು. ಬಸ್ ಸ್ಟಾಪಿಗೆ ಬರುವ ಹೊತ್ತಿಗೆ ಬೈಗುಳ ಮುಗಿದು ಭಯ ಶುರುವಾಯಿತು. ಹನಿ ಇಲ್ಲ, ಲೇಸರ್ ಇಲ್ಲ, ಆಪರೇಷನ್ ಬೇಡ ಎನ್ನುತ್ತಾರೆ. ಉಳಿದದ್ದು ಕಾಯುವುದು. ಗೂಡಿನಲ್ಲಿ ಕೂತು ಆರು ತಿಂಗಳು ಹೇಗೆ ಕಾಯುವುದು?

ಮೊದಲು ಬಲಗಣ್ಣು ಮುಚ್ಚಿ ನೋಡಿದಳು. ಎರಡು ದಿನಕ್ಕೆ ತಲೆನೋವು. ಕಣ್ಣೆರಡೂ ತೆರೆದಿರಬೇಕು ಎಂದು ಗೂಡಿನ ಮೇಲೇ ಬರೆದಿತ್ತು ಬೇರೆ. ಪಕ್ಕದ ಗೂಡಿನ ಗೊಣಗಮ್ಮ ಕಂಡುಬಿಟ್ಟಳು. ಬಾಗಿಲ ಹಿಡಿಕೆಯಿಂದ ಹಿಡಿದು ಸಂಜೆಯ ಬಸ್ಸಿನವರೆಗೆ ಎಲ್ಲದರ ಬಗ್ಗೆಯೂ ಗೊಣಗುವ ಅವಳು ಅಂದು ಗೊಣಗದೆ ನಕ್ಕಳು.

"ಏನೇ ಇದು, ಈ ವಯಸ್ಸಲ್ಲಿ ಸೀಸೆಗೆ ಕಣ್ಣು ಹೊಡೀತಿದ್ದೀಯಾ?"

"ಧೂಳು ಬಿತ್ತು ಕಣೇ" ಎಂದು ಹದ್ದಕ್ಕ ಕಣ್ಣುಜ್ಜಿಕೊಂಡಳು.

ಆಮೇಲೆ ಅವಳೇ ಒಂದು ಉಪಾಯ ಕಂಡುಕೊಂಡಳು. ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಸೀಸೆಯೊಳಗಿನ ಕಸ ಸೀಸೆ ಸುತ್ತಿದಂತೆ ಸುತ್ತುತ್ತದೆ, ಆಮೇಲೆ ಮೆಲ್ಲಗೆ ತಳಕ್ಕೆ ಕೂರುತ್ತದೆ. ಕಣ್ಣಿನ ಕೊಕ್ಕೆ ಕಣ್ಣು ಹೊರಳಿದಂತೆ ಹೊರಳುತ್ತದೆ. ಹಾಗಾದರೆ ಕಣ್ಣನ್ನು ನಿಲ್ಲಿಸಿ ಸೀಸೆಯನ್ನು ಮಾತ್ರ ಸುತ್ತಿಸಿದರೆ ಯಾವುದು ಯಾರದು ಎಂದು ತಿಳಿಯಬೇಕಲ್ಲ? ಎರಡು ದಿನ ತಡವರಿಸಿದಳು, ಮೂರನೆಯ ದಿನ ಕೈ ಕೂತಿತು. ಕೊಕ್ಕೆ ಹಾದುಹೋದರೆ ಮನಸ್ಸಿನಲ್ಲೇ "ನೀನು ನನ್ನವನು, ಹೋಗು" ಎಂದು ಸೀಸೆಯನ್ನು ಹಸಿರು ಟ್ರೇಗೆ ಇಡುವುದು. ಕೆಂಪು ಡಬ್ಬಿಯ ಲೆಕ್ಕ ಮೂವತ್ತರಿಂದ ಹನ್ನೆರಡಕ್ಕೆ, ಹನ್ನೆರಡರಿಂದ ಆರಕ್ಕೆ ಇಳಿಯಿತು. ಸೂಪರ್‌ವೈಸರ್ ಬಂದು, "ಬಿರಡೆ ಸರಿ ಹೋಯ್ತಾ ಅಕ್ಕಾ?" ಎಂದ. ಸರಿ ಹೋಯ್ತು ಎಂದಳು. ಒಂಬತ್ತು ದಿನ ಹೀಗೆ ನಡೆಯಿತು. ಮನೆಯಲ್ಲಿ ಕೂತು ಎದ್ದು ಓಡಾಡುವುದು ನಿಂತಿತು, ಅನ್ನ ರುಚಿಸಿತು. ಡಾಕ್ಟರು ಹೇಳಿದ ಆರು ತಿಂಗಳ ಔಷಧಿ ತನಗೆ ಮೂರೇ ವಾರಕ್ಕೆ ಹತ್ತಿತು ಎಂದು ಅವಳು ಒಳಗೊಳಗೇ ಬೀಗಿದಳು.

ಒಂಬತ್ತನೆಯ ದಿನ, ಬೆಳಗಿನ ಹತ್ತೂವರೆಯ ಹೊತ್ತು. ಬಲಗಣ್ಣಿನಲ್ಲಿ ನೀರು ಬಂತು. ಯಾವುದೋ ರೆಪ್ಪೆಗೂದಲು ಚುಚ್ಚಿರಬೇಕು. ಎಡಗೈ ತೋಳಿನಿಂದ ಕಣ್ಣನ್ನು ಒತ್ತಿ ಹಿಡಿದು, ಕೈಗೆ ಬಂದಿದ್ದ ಸೀಸೆಯನ್ನು ಬಲಗೈಯಲ್ಲೇ ಸುತ್ತಿಸಿದಳು. ಕೊಕ್ಕೆ ಹಾದುಹೋಯಿತು. ನೀನು ನನ್ನವನು, ಹೋಗು. ಹಸಿರು ಟ್ರೇ. ಕಣ್ಣು ಒರೆಸಿಕೊಂಡು ಮುಂದಿನ ಸೀಸೆ ಎತ್ತಿದಳು. ಆ ಟ್ರೇ ಹೋಗಿ, ಇನ್ನೊಂದು ಟ್ರೇ ತುಂಬಿ ಅದೂ ಹೋಯಿತು.

ಕಣ್ಣಿಗೆ ವಿರಾಮದ ಗಂಟೆಯಾಗಿ ಕುರ್ಚಿಗೆ ಒರಗಿದಾಗ ಹೊಳೆಯಿತು. ಕೊಕ್ಕೆ ಇರುವುದು ಬಲಗಣ್ಣಿನಲ್ಲಿ. ಆಗ ಬಲಗಣ್ಣು ಮುಚ್ಚಿತ್ತು.

ಅವಳು ಎದ್ದು ನಿಂತಳು, ಕೂತಳು, ಮತ್ತೆ ಎದ್ದಳು. ಹಸಿರು ಟ್ರೇಗಳು ಆಗಲೇ ಬಾಗಿಲಾಚೆ ಹೋಗಿದ್ದವು. ಸುಮ್ಮನಿರಬಹುದು. ಒಂದು ಸೀಸೆ. ಒಂದು ಚೂರು ರಬ್ಬರ್, ಎಳ್ಳಿನ ಕಾಲು ಭಾಗವೂ ಇಲ್ಲ. ಏನೂ ಆಗದೆಯೂ ಇರಬಹುದು. ಅಥವಾ ಯಾವುದೋ ಮನೆಯ ಮುದುಕನ ಕೈಗೋ ಹಸುಗೂಸಿನ ಕಾಲಿಗೋ ಚುಚ್ಚಿ... ಅವಳು ಅಲ್ಲಿಗೇ ಯೋಚನೆ ನಿಲ್ಲಿಸಿದಳು, ನಿಲ್ಲಿಸಲಾಗಲಿಲ್ಲ. ಹೇಳಿದರೆ ಏನು ಹೋಗುತ್ತದೆಂದು ಅವಳಿಗೆ ಗೊತ್ತಿತ್ತು, ಹೇಳದಿದ್ದರೆ ಏನು ಹೋಗುತ್ತದೆಂಬುದೂ ಗೊತ್ತಿತ್ತು. ಸೂಪರ್‌ವೈಸರನ ಮೇಜಿನವರೆಗೆ ಇಪ್ಪತ್ತು ಹೆಜ್ಜೆ. ಆ ಇಪ್ಪತ್ತು ಹೆಜ್ಜೆಯಲ್ಲಿ ಅವಳು ಎರಡು ಸಲ ಹಿಂದಕ್ಕೆ ತಿರುಗಿದಳು.

"ಸರ್, ಟ್ರೇ ನಿಲ್ಲಿಸಿ. ಒಂದು ಕೆಟ್ಟದ್ದು ಹೋಗಿದೆ, ನನ್ನ ಕೈಯಿಂದಲೇ."

ಅವನು ಮೊದಲು ಫೋನೆತ್ತಿ ಗೋದಾಮಿಗೆ ಹೇಳಿ ಟ್ರೇಗಳನ್ನು ತಡೆದ. ಆಮೇಲೆ ಕೇಳಿದ. ಅವಳು ಹೇಳಿದಳು, ಕೊಕ್ಕೆ, ಡಾಕ್ಟರು, ಉಪಾಯ, ಎಲ್ಲ. ಹೇಳುತ್ತಾ ಹೇಳುತ್ತಾ ಅವನ ಮುಖ ಬದಲಾಗುವುದು ಕಂಡಿತು. ಅವನು ಆ ಒಂದು ಸೀಸೆಯ ಬಗ್ಗೆ ಯೋಚಿಸುತ್ತಿರಲಿಲ್ಲ.

"ಈ ಉಪಾಯ ಎಷ್ಟು ದಿನದಿಂದ ಅಕ್ಕಾ?"

"ಒಂಬತ್ತು ದಿನ."

"ದಿನಕ್ಕೆ ಎರಡು ಸಾವಿರ." ಅವನು ಕೂಗಾಡಲಿಲ್ಲ. ಕೂಗಾಡಿದ್ದರೆ ಅವಳಿಗೆ ಸ್ವಲ್ಪ ಹಗುರಾಗುತ್ತಿತ್ತು. "ಪುಣ್ಯಕ್ಕೆ ಲ್ಯಾಬಿನ ರಿಪೋರ್ಟ್ ಬರೋವರೆಗೆ ಎರಡು ವಾರ ಗೋದಾಮಲ್ಲೇ ಇರ್ತವೆ. ಒಂದೂ ಗೇಟ್ ದಾಟಿಲ್ಲ. ನೀವೇ ಕಲಿಸಿದ್ದಲ್ವಾ ನಮಗೆಲ್ಲ, ಕಣ್ಣಿಗೆ ಏನಾದ್ರೂ ಆದ್ರೆ ಅದೇ ದಿನ ಹೇಳಬೇಕು ಅಂತ?"

ಹದಿನೆಂಟು ಸಾವಿರ ಸೀಸೆಗಳು ಗೋದಾಮಿನಿಂದ ಹೊರಬಂದವು. ಗೊಣಗಮ್ಮ ಮತ್ತು ಇನ್ನಿಬ್ಬರನ್ನು ಕೂರಿಸಿ ಮೊದಲಿನಿಂದ ನೋಡಿಸಿದರು. ಹದ್ದಕ್ಕನನ್ನು ಪ್ಯಾಕಿಂಗಿಗೆ ಕಳಿಸಿದರು. ಅಲ್ಲಿ ಅವಳು ಮೂರು ದಿನ ಡಬ್ಬಿಗೆ ಚೀಟಿ ಅಂಟಿಸಿದಳು, ನಾಲ್ಕರಲ್ಲಿ ಒಂದು ಸೊಟ್ಟಗೆ. ಬಾಗಿಲು ತೆರೆದ ಸದ್ದಾದಾಗಲೆಲ್ಲ ತಲೆ ಎತ್ತುತ್ತಿದ್ದಳು. ಆ ಒಂದು ಸಿಕ್ಕಿತೇ? ಒಂದೇ ಇತ್ತೇ?

ಎರಡನೆಯ ದಿನ ಸಂಜೆ ಮತ್ತೆ ಡಾಕ್ಟರ ಹತ್ತಿರ ಹೋದಳು. ಈ ಸಲ ಗಂಡನೂ ಬಂದ, ತಮಾಷೆಗಳನ್ನು ಡಿಪೋದಲ್ಲೇ ಬಿಟ್ಟು.

"ನಾನು ಅವತ್ತು ಸುಳ್ಳು ಹೇಳಿದೆ ಡಾಕ್ಟ್ರೇ" ಎಂದು ತನ್ನ ಕೆಲಸ ಹೇಳಿದಳು.

ಡಾಕ್ಟರು ಪೆನ್ನು ಕೆಳಗಿಟ್ಟರು. "ಅದನ್ನ ಮೊದಲೇ ಹೇಳಿದ್ರೆ ನಾನು ಬೇರೆ ಮಾತಾಡ್ತಿದ್ದೆ. ಮನೇಲಿರೋರಿಗೆ ಹೇಳೋ ಸಲಹೆ ನಿಮಗಲ್ಲ. ಆಪರೇಷನ್ ಯಾರಿಗೆ ಅಂದ್ರೆ, ಇದರಿಂದ ಬದುಕು ನಡೆಸೋಕೆ ಆಗದೇ ಇರೋರಿಗೆ. ಈಗಲೂ ಕೊಕ್ಕೆ ಕಾಣುತ್ತಾ?"

"ಕಾಣುತ್ತೆ. ಆದ್ರೆ ಕಂಡಿದ್ದು ಗೊತ್ತಾಗಲ್ಲ. ನೀವು ಹೇಳಿದ ಹಾಗೇ ಆಯ್ತು, ಮನಸ್ಸು ಒಗ್ಗಿಹೋಯ್ತು. ಒಗ್ಗಿಹೋಗಿದ್ದಕ್ಕೇ ಅಲ್ವಾ ಕಸ ಪಾಸಾಗಿದ್ದು? ಊರಿಗೆಲ್ಲ ರೂಢಿ ಆಗೋದೇ ಔಷಧಿ. ನನಗೆ ರೂಢಿ ಆಗಿದ್ದೇ ರೋಗ."

ಡಾಕ್ಟರು ಆಪರೇಷನ್ನಿನ ಒಪ್ಪಿಗೆ ಕಾಗದವನ್ನು ಮುಂದೆ ಸರಿಸಿ, ಲಾಭನಷ್ಟ ಎರಡನ್ನೂ ಮತ್ತೊಮ್ಮೆ ಬಿಡಿಸಿ ಹೇಳಿದರು: ಕೊಕ್ಕೆ ಹೋಗುವುದು, ಪೊರೆ ಬರುವುದು, ಅದಕ್ಕೆ ಇನ್ನೊಂದು ಆಪರೇಷನ್, ಪರದೆಯ ಅಪಾಯ. "ಈಗಲೇ ಸಹಿ ಹಾಕಬೇಡಿ. ಒಂದು ವಾರ ಮನೆಯಲ್ಲಿಟ್ಟುಕೊಂಡು ಓದಿ. ಆ ಗೂಡಲ್ಲಿ ಕೂರೋದು ನಿಮಗೆ ಎಷ್ಟು ಮುಖ್ಯ ಅಂತ ನೀವೇ ತೂಗಿ ನೋಡಿ, ಅದನ್ನ ನಾನು ತೂಗೋಕಾಗಲ್ಲ."

ದಾರಿಯಲ್ಲಿ ಗಂಡ, "ಏನು ಮಾಡ್ತೀಯೇ?" ಎಂದ. "ಗೂಡು ಬಿಟ್ರೆ ನಾನು ಯಾರು ರೀ?" ಎಂದಳು. ಅವನು ಬಸ್ಸು ಬರುವವರೆಗೆ ಅವಳ ಚೀಲ ಹಿಡಿದು ನಿಂತಿದ್ದ. ಆ ಹೊತ್ತಿಗೆ ಅವಳು ಮುಕ್ಕಾಲು ಪಾಲು ನಿರ್ಧರಿಸಿಯಾಗಿತ್ತು. ಕುಯ್ಯಿಸಿಕೊಳ್ಳುವುದು, ಪರೀಕ್ಷೆ ಪಾಸು ಮಾಡುವುದು, ಮತ್ತೆ ಅದೇ ಗೂಡಿಗೆ ಬಂದು ಕೂರುವುದು. ಕೆಟ್ಟದ್ದು ಕಣ್ಣು, ಕಣ್ಣು ಸರಿಯಾದರೆ ಎಲ್ಲ ಸರಿ.

ಮೂರನೆಯ ದಿನ ಸಂಜೆ ಸೂಪರ್‌ವೈಸರ್ ಅವಳನ್ನು ಕರೆದ. ಮೂವರೂ ಸೇರಿ ನೂರ ಅರವತ್ತು ಸೀಸೆ ತೆಗೆದಿಟ್ಟಿದ್ದರು. ಲ್ಯಾಬಿನವರು ಅಷ್ಟನ್ನೂ ಒಡೆದು ಸೋಸಿದ್ದರು.

"ಏಳು" ಎಂದ ಅವನು.

"ಏಳು?"

"ಏಳರಲ್ಲಿ ರಬ್ಬರ್ ಇತ್ತು. ಉಳಿದಿದ್ದು ಚೊಕ್ಕವಾಗಿತ್ತು."

ಅವಳು ಲೆಕ್ಕ ಹಾಕಿದ್ದು ಒಂದು. ಆ ಒಂದನ್ನು ಹೇಳಿಕೊಂಡು ಒಳ್ಳೆಯವಳಾಗಿದ್ದೆ ಎಂಬ ಸಣ್ಣ ಸಮಾಧಾನವೊಂದನ್ನು ಅವಳು ಮೂರು ದಿನ ಮಡಿಲಲ್ಲಿ ಕಟ್ಟಿಕೊಂಡಿದ್ದಳು. ಉಳಿದ ಆರು ಅವಳ ಮುಂದೆ ಸುತ್ತಿದ್ದವು, ಎರಡೂ ಕಣ್ಣು ತೆರೆದಿದ್ದಾಗ. ಅವನ್ನೆಲ್ಲ ಅವಳು ನೀನು ನನ್ನವನು ಎಂದು ಕಳಿಸಿದ್ದಳು. ಸೂಪರ್‌ವೈಸರ್ ಇನ್ನೂ ಏನೇನೋ ಹೇಳುತ್ತಿದ್ದ, ಮುಂದಿನ ವಾರ ಎಲ್ಲರಿಗೂ ಕಣ್ಣಿನ ತಪಾಸಣೆ, ಅವಳು ಚಿಕಿತ್ಸೆ ಮಾಡಿಸಿಕೊಂಡು ಬಂದರೆ ಮತ್ತೆ ಪರೀಕ್ಷೆಗೆ ಕೂರಿಸುತ್ತೇವೆ, ಇಷ್ಟು ವರ್ಷದ ಕೈ ಬಿಡಲು ನಮಗೂ ಮನಸ್ಸಿಲ್ಲ. ಅವಳು ತಲೆಯಾಡಿಸಿ ಹೊರಗೆ ಬಂದಳು.

ಬಟ್ಟೆ ಬದಲಿಸುವ ಕೋಣೆಯಲ್ಲಿ ಗೊಣಗಮ್ಮ ಬೆಂಚಿನ ಮೇಲೆ ಕೂತು ಚಪ್ಪಲಿ ಹುಡುಕುತ್ತಾ ಗೊಣಗುತ್ತಿದ್ದಳು.

"ಮೂರು ದಿನ ನಿನ್ನ ಸೀಸೆ ನೋಡಿ ನೋಡಿ ನನ್ನ ಕತ್ತು ಸೊಟ್ಟಗಾಯ್ತು. ಅದೂ ಸಾಲದು ಅಂತ ಮುಂದಿನ ವಾರ ಎಲ್ಲರ ಕಣ್ಣು ನೋಡ್ತಾರಂತೆ. ನಿನ್ನಿಂದಾಗಿ ನನ್ನ ಬುಡಕ್ಕೂ ನೀರು ಬಂತು."

"ನಿನ್ನ ಬುಡಕ್ಕೆ ಯಾಕೆ?"

ಗೊಣಗಮ್ಮ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದಳು. "ನನಗೂ ಇದೆ ಕಣೇ. ನಿನ್ನ ಥರ ಕೊಕ್ಕೆ ಅಲ್ಲ, ಜೇಡರ ಬಲೆ. ಎರಡೂ ಕಣ್ಣಲ್ಲಿ."

"ಯಾವಾಗಿನಿಂದ?"

"ಎರಡು ವರ್ಷ ಆಯ್ತು."

ಹದ್ದಕ್ಕ ಬೆಂಚಿನ ಮೇಲೆ ಕೂತಳು. ಎರಡು ವರ್ಷ! ಅಷ್ಟೂ ಸೀಸೆಗಳು ಗೇಟ್ ದಾಟಿ, ಯಾವ ಯಾವ ಊರಿಗೋ ಹೋಗಿ... "ಅಯ್ಯೋ, ನೀನು ಹೇಗೆ ಪಾಸ್ ಮಾಡ್ತಿದ್ದೆ?"

"ಪಾಸ್ ಯಾರು ಮಾಡ್ತಿದ್ರು? ನೆರಳಾಡಿದ್ರೆ ಸಾಕು, ಬಿಸಾಕ್ತಿದ್ದೆ. ಸೀಸೆಯದೋ ನನ್ನದೋ ಅಂತ ಯೋಚನೆ ಮಾಡೋಕೆ ಹೋಗ್ಲೇ ಇಲ್ಲ. ಕಂಡ್ತಾ, ಕೆಂಪು ಡಬ್ಬಿ. ಅದಕ್ಕೇ ಅಲ್ವಾ ಪ್ರತಿ ತಿಂಗಳೂ ನನ್ನನ್ನ ನಿಲ್ಲಿಸಿ ಉಗಿಯೋದು?"

ಅದು ಹದ್ದಕ್ಕನಿಗೆ ಚೆನ್ನಾಗಿ ನೆನಪಿತ್ತು. ಪ್ರತಿ ತಿಂಗಳ ಸಭೆಯಲ್ಲೂ ಗೊಣಗಮ್ಮ ಕೊನೆಯ ಹೆಸರು. ದಿನಕ್ಕೆ ನಲವತ್ತು, ಐವತ್ತು ಒಳ್ಳೆಯ ಸೀಸೆ ಹಾಳು. ಎರಡು ಸಲ ಎಚ್ಚರಿಕೆಯ ಕಾಗದ ಕೊಟ್ಟಿದ್ದರು. ಒಮ್ಮೆ ಎಲ್ಲರೆದುರಿಗೆ, "ಹದ್ದಕ್ಕನ ಪಕ್ಕದಲ್ಲೇ ಕೂತು ಏನು ಕಲಿತಿರಿ ನೀವು?" ಎಂದು ಕೇಳಿದ್ದರು. ಆಗ ಹದ್ದಕ್ಕ ತಲೆ ತಗ್ಗಿಸಿ ನಗು ಅಡಗಿಸಿಕೊಂಡಿದ್ದಳು.

"ಎರಡು ವರ್ಷ ಬೈಸಿಕೊಂಡೆಯಲ್ಲೇ!"

"ಬೈಗುಳ ಕಿವಿಗೆ ಹೋಗುತ್ತೆ, ಅಷ್ಟೇ. ಯಾರ ರಕ್ತಕ್ಕೂ ಹೋಗಲ್ಲವಲ್ಲ." ಗೊಣಗಮ್ಮನಿಗೆ ಚಪ್ಪಲಿ ಸಿಕ್ಕಿತು. ಅದರ ಪಟ್ಟಿ ಕಿತ್ತಿದ್ದಕ್ಕೆ ಅದನ್ನೂ ನಾಲ್ಕು ಮಾತು ಬೈದಳು. "ನೀನು ಕುಯ್ಯಿಸ್ಕೋತೀಯಂತೆ? ಏಳು, ಬಸ್ಸು ಹೊರಡುತ್ತೆ."

ಹದ್ದಕ್ಕನ ಚೀಲದಲ್ಲಿ ಡಾಕ್ಟರ ಕಾಗದ ಇತ್ತು. ಅದರಲ್ಲಿ ಬರೆದ ಯಾವ ಚಿಕಿತ್ಸೆಯೂ ಆ ಏಳು ಸೀಸೆಗಳನ್ನು ತಡೆಯುತ್ತಿರಲಿಲ್ಲ ಎಂದು ಅವಳಿಗೆ ಈಗ ಗೊತ್ತಾಯಿತು. ಗೊಣಗಮ್ಮನಿಗೂ ಕಣ್ಣು ಕೆಟ್ಟಿತ್ತು, ಇವಳಿಗಂತೂ ಎರಡೂ ಕೆಟ್ಟಿದ್ದವು, ಆದರೂ ನೆರಳು ಕಂಡ ಒಂದು ಸೀಸೆಯನ್ನೂ ಇವಳು ಹಸಿರು ಟ್ರೇಗೆ ಇಟ್ಟಿರಲಿಲ್ಲ.

"ಇಲ್ಲ ಕಣೇ, ಕುಯ್ಯಿಸ್ಕೊಳ್ಳಲ್ಲ. ಪ್ಯಾಕಿಂಗಲ್ಲೇ ಇರ್ತೀನಿ" ಎಂದಳು. ಕಣ್ಣೀರು ತಡೆಯಲಿಲ್ಲ.

"ಅಳಬೇಡ. ಪ್ಯಾಕಿಂಗಲ್ಲಿ ಫ್ಯಾನ್ ಆದ್ರೂ ಇದೆ" ಎಂದಳು ಗೊಣಗಮ್ಮ.

"ಮುಂದಿನ ವಾರದ ತಪಾಸಣೆಗೆ ಮೊದಲೇ ನೀನೇ ಹೋಗಿ ಹೇಳು. ನಾನೂ ಬರ್ತೀನಿ. ಎರಡು ವರ್ಷ ಯಾಕೆ ಬಿಸಾಕಿದೆ ಅಂತ ಅವರಿಗೆ ಗೊತ್ತಾಗ್ಲಿ."

"ಬ್ಯಾಡ ಬಿಡು, ಅದೊಂದು ದೊಡ್ಡ ವಿಷಯ ಅಂತ."

"ಏಳೇ, ಹೋಗೋಣ" ಎಂದು ಹದ್ದಕ್ಕ ಅವಳ ಕೈ ಹಿಡಿದು ಎಬ್ಬಿಸಿದಳು. ಹನ್ನೊಂದು ವರ್ಷದಿಂದ ಮೊಣಕೈ ತಗಲುವಷ್ಟು ಹತ್ತಿರ ಕೂತಿದ್ದ ಹೆಂಗಸು. ಅವಳ ಮುಖವನ್ನು ಹದ್ದಕ್ಕ ಐದು ಸೆಕೆಂಡು ನಿಲ್ಲಿಸಿ ನೋಡಿದ್ದು ಅದೇ ಮೊದಲು.